ಕಾಕಾಸಾಹೇಬಿಯಾ

ಪ್ರೊಫೆಸರ್ ಕಾಡಸಿದ್ದ ನೇಸರಿಯವರು ವಿಲಾಯತಿಯಿಂದ ಕೊಲ್ಹಾಪುರಕ್ಕೆ ಮರಳುವಾಗ ಒಂದು ಪದವಿ ತಂದರು, ಪದವಿಗಿಂತ ಭಾರವಾದ ಒಂದು ತಾತ್ಸಾರವನ್ನೂ ತಂದರು. ಗಡಹಿಂಗ್ಲಜದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ರೊಟ್ಟಿ ಝುಣಕ ತಿಂದು ಬೆಳೆದ ಮನುಷ್ಯ ಈಗ ರೊಟ್ಟಿಯನ್ನು ಚಾಕುವಿನಿಂದ ಕತ್ತರಿಸಲು ಹೋಗುತ್ತಿದ್ದ. ತಾಯಿ ಕಲ್ಲವ್ವ ಮಗನನ್ನು ನೋಡಲು ಊರಿಂದ ಬಂದರೆ ಆಕೆಯನ್ನು ಹಿಂಬಾಗಿಲಿನಿಂದ ಒಳಗೆ ಕರೆಸಿಕೊಳ್ಳುತ್ತಿದ್ದ. ಕಾಲೇಜಿನ ಉಳಿದ ಮಾಸ್ತರುಗಳು ಅವನ ಕಣ್ಣಿಗೆ ಕಾರಕೂನರು, ವಿದ್ಯಾರ್ಥಿಗಳು ಎಮ್ಮೆ ಕಾಯಲು ಹುಟ್ಟಿದವರು. ಈ ಮಾತನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ತರಗತಿಯಲ್ಲೇ ಹೇಳುತ್ತಿದ್ದ.

ಆದರೆ ಮೀನಿನ ಬಗ್ಗೆ ಮಾತಾಡಲು ನಿಂತರೆ ಅವನು ಬೇರೆ ಮನುಷ್ಯನಾಗುತ್ತಿದ್ದ. ಇಷ್ಟನ್ನು ಅವನ ವೈರಿಗಳೂ ಒಪ್ಪುತ್ತಿದ್ದರು.

೧೯೩೬ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವನು ಗಾಜಿನ ಭರಣಿಯೊಂದನ್ನು ಮೇಜಿನ ಮೇಲಿಟ್ಟ. ಅದರಲ್ಲಿ ನ್ಯೂಜಿಲೆಂಡಿನ ಮ್ಯೂಸಿಯಮ್ಮಿನವರು ಕಳಿಸಿದ್ದ, ಬೆರಳುದ್ದದ ಕೆಲವು ಮೀನುಗಳಿದ್ದವು. ಮೈಮೇಲೆ ಬಿಲ್ಲೆಬಿಲ್ಲೆಯ ಹುರುಪೆಯಿಲ್ಲ, ಬೆನ್ನಿನ ಈಜುರೆಕ್ಕೆ ಬಾಲದ ಹತ್ತಿರಕ್ಕೆ ಸರಿದಿದೆ. ಮೈಯ ಹೊಂಬಣ್ಣದ ಚುಕ್ಕೆಗಳನ್ನು ಕಂಡು ಪಂಡಿತರು ಇದಕ್ಕೆ ಆಕಾಶಗಂಗೆಯ ಹೆಸರು ಕೊಟ್ಟು ಗ್ಯಾಲಕ್ಸಿಯಸ್ ಎಂದರು ಎಂದು ಅವನು ಹೇಳಿದ. ಈ ಕುಲದ ಮೀನುಗಳು ನ್ಯೂಜಿಲೆಂಡಿನ ಹಳ್ಳಗಳಲ್ಲಿವೆ, ಆಸ್ಟ್ರೇಲಿಯಾದಲ್ಲಿವೆ, ಆಫ್ರಿಕಾದ ದಕ್ಷಿಣ ತುದಿಯಲ್ಲಿವೆ, ದಕ್ಷಿಣ ಅಮೆರಿಕದ ತುದಿಯಲ್ಲೂ ಇವೆ. ಭೂಮಧ್ಯರೇಖೆಯ ಈಚೆಗೆ ಎಲ್ಲಿಯೂ ಇಲ್ಲ. ನಡುವೆ ಸಾವಿರಾರು ಮೈಲಿ ಉಪ್ಪುನೀರು. ಸಿಹಿನೀರಿನ ಈ ಬಡ ಮೀನು ಅದನ್ನು ದಾಟಿದ್ದು ಹೇಗೆ?

"ಅದು ದಾಟಲೇ ಇಲ್ಲ," ಎಂದ ನೇಸರಿ. "ಅದು ತನ್ನ ಹಳ್ಳದಲ್ಲಿಯೇ ಇತ್ತು. ನೆಲವೇ ಒಡೆದು ದೂರ ಹೋಯಿತು."

ಒಂದು ಕಾಲಕ್ಕೆ ದಕ್ಷಿಣದ ಭೂಖಂಡಗಳೆಲ್ಲ ಕೂಡಿಕೊಂಡು ಒಂದೇ ನೆಲವಾಗಿದ್ದವು, ನಾವು ನಿಂತ ಈ ಕರಿಕಲ್ಲಿನ ನಾಡೂ ಅದರದೇ ತುಂಡು ಎಂದು ಅವನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ರತ್ನಮಾಲಾಳ ತೋಳಿನ ರೋಮ ಎದ್ದು ನಿಂತವು.

ರತ್ನಮಾಲಾ ಜೈನಮಠದ ಊರಾದ ನಾಂದಣಿಯ ಜಿನಗೊಂಡ ಪಾಟೀಲರ ಮಗಳು. ಅದೇ ವರ್ಷ ಪದವಿ ಮುಗಿಸಿ ನೇಸರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದ್ದಳು. ಮಗಳು ಡಾಕ್ಟರಳಾಗಲಿ ಎಂದು ತಂದೆ ಓದಿಸಿದ್ದರು. ಅವಳು ಮೀನಿನ ಕಡೆ ತಿರುಗಿದಾಗ ಮನೆಯಲ್ಲಿ ರಾದ್ಧಾಂತವಾಯಿತು. ತಾಯಿಯಿಲ್ಲದ ಅವಳನ್ನು ಸಾಕಿದ್ದ ಸೋದರತ್ತೆ ಸೋನಾಬಾಯಿ, ರಜೆಗೆ ಬಂದವಳನ್ನು ಅಂಗಳದಲ್ಲಿಯೇ ನಿಲ್ಲಿಸಿ ತಲೆಯ ಮೇಲೆ ಕೊಡ ನೀರು ಸುರಿಯುತ್ತಿದ್ದಳು.

"ಮಠದ ಊರಾಗ ಹುಟ್ಟಿ ಮೀನಾ ಮುಟ್ಟತಿ," ಎನ್ನುತ್ತಿದ್ದಳು. "ಕತ್ತಲಾಗೂದ್ರೊಳಗ ಉಣ್ಣೂ ಮಂದಿ ನಾವು. ಒಂದು ಹುಳಾ ಸಾಯಬಾರದಂತ. ನೀ ನೋಡಿದ್ರ ಕೊಯ್ಯಾಕತ್ತಿ!"

"ನಾ ಕೊಲ್ಲೂದಿಲ್ಲ ಅತ್ತಿ. ಸತ್ತದ್ದನ್ನ ನೋಡತೇನಿ."

"ಸತ್ತದ್ದನ್ನ ಹದ್ದೂ ನೋಡತೈತಿ," ಎಂದು ಸೋನಾಬಾಯಿ ಒಳಗೆ ಹೋಗುತ್ತಿದ್ದಳು.

ಈ ತಿರಸ್ಕಾರವನ್ನು ರತ್ನಮಾಲಾ ತಡೆದುಕೊಂಡಿದ್ದು ಆ ಮಧ್ಯಾಹ್ನದ ಬಲದಿಂದಲೇ. ಮೀನಿನ ಎಲುಬಿನಲ್ಲಿ ಭೂಮಿಯ ಚರಿತ್ರೆ ಇದೆ ಎಂದು ತೋರಿಸಿಕೊಟ್ಟವನು ಎಂಥ ಒರಟನಾದರೂ ಸರಿ, ದೊಡ್ಡವನೇ ಎಂದು ಅವಳು ನಂಬಿದ್ದಳು. ಅವನ ಪುಸ್ತಕಗಳನ್ನೆಲ್ಲ ಓದಿದಳು. ಓದುತ್ತ ಓದುತ್ತ ಒಂದು ಸಂಶಯ ಹುಟ್ಟಿತು. ನ್ಯೂಜಿಲೆಂಡಿನಲ್ಲಿ ಗ್ಯಾಲಕ್ಸಿಯಸ್ ಜಾತಿಯ ಕೆಲವು ಮೀನುಗಳ ಮರಿಗಳು ಹೊಳೆಯೊಂದಿಗೆ ಸಮುದ್ರಕ್ಕೆ ಹೋಗಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿದ್ದು, ಮತ್ತೆ ಹೊಳೆಗೆ ಮರಳುತ್ತವೆ ಎಂದು ಅಲ್ಲಿನವರೇ ಬರೆದಿದ್ದರು.

"ಸರ್," ಎಂದಳು ಒಂದು ದಿನ, "ಮರಿ ಉಪ್ಪುನೀರು ತಾಳ್ತಾವು ಅಂದಮ್ಯಾಲ ಸಮುದ್ರದ ಹರಿವಿನಾಗ ತೇಲಿ ಹೋಗಿರಬಹುದಲ್ಲರಿ? ನೆಲಾ ಒಡದದ್ದು ಖರೇ ಇದ್ರೂ ಈ ಮೀನ ಅದಕ್ಕ ಸಾಕ್ಷಿ ಆಗೂದಿಲ್ಲ."

ನೇಸರಿ ಪೈಪಿನ ಬೂದಿ ಕೊಡವಿದ. "ಹೆಣ್ಣಮಕ್ಕಳು ಅಡಗಿ ಉಪ್ಪಿನ ಬಗ್ಗೆ ವಿಚಾರ ಮಾಡ್ರಿ. ಸಮುದ್ರದ ಉಪ್ಪು ನಾವು ನೋಡತೇವಿ," ಎಂದ. ಸುತ್ತಲಿದ್ದವರು ನಕ್ಕರು. ಉತ್ತರ ಬಂದಿಲ್ಲ ಎಂಬುದನ್ನು ಅವಳು ಮರೆಯಲಿಲ್ಲ.

ಎರಡು ವರ್ಷದ ಮೇಲೆ ನೇಸರಿ ಗಡಹಿಂಗ್ಲಜಕ್ಕೆ ಹೋಗಿ ಬಂದವನು, ಹಿರಣ್ಯಕೇಶಿ ಹೊಳೆಯ ಮಡುವಿನಲ್ಲಿ ಗ್ಯಾಲಕ್ಸಿಯಸ್ಸಿನ ಬಳಗದ ಹೊಸ ಮೀನು ಸಿಕ್ಕಿತೆಂದು ಸಾರಿದ. ಭೂಮಧ್ಯರೇಖೆಯ ಈಚೆಗೆ ಎಂದೂ ಕಾಣದ ಮೀನು! ಹಿಂದುಸ್ಥಾನ ಆ ದಕ್ಷಿಣ ಖಂಡದ ತುಂಡೆಂಬುದಕ್ಕೆ ಜೀವಂತ ಸಾಕ್ಷಿ! ಸಿಕ್ಕದ್ದು ಒಂದೇ ಒಂದು, ಅದೂ ಸತ್ತದ್ದು. ಅದಕ್ಕೆ ಹೊಸ ಕುಲವನ್ನೇ ಕಟ್ಟಬೇಕು, ಕುಲಕ್ಕೊಂದು ಹೆಸರು ಬೇಕು. ಹೆಸರನ್ನು ಅವನು ಮೊದಲೇ ಆರಿಸಿದ್ದ.

ಇಚಲಕರಂಜಿಯಲ್ಲಿ ಕಾಕಾಸಾಹೇಬ ಮಗದುಮ್ಮ ಎಂಬ ಮಗ್ಗದ ಸಾಹುಕಾರ ಇದ್ದ. ಅವನ ಹೆಸರು ಕೆತ್ತದ ಕಲ್ಲು ಆ ಊರಿನಲ್ಲಿ ಕಡಿಮೆ. ಧರ್ಮಶಾಲೆಯ ಮೇಲೆ ಇತ್ತು, ದನ ನೀರು ಕುಡಿಯುವ ತೊಟ್ಟಿಯ ಮೇಲೆ ಇತ್ತು, ಶಾಲೆಯ ಗಡಿಯಾರದ ಮುಖದ ಮೇಲೂ ಇತ್ತು. ಗಂಟೆ ನೋಡಬೇಕಾದರೆ ಮೊದಲು ಕಾಕಾಸಾಹೇಬನನ್ನು ಓದಬೇಕಾಗಿತ್ತು. ಪ್ರಾಣಿಶಾಸ್ತ್ರಕ್ಕೆ ಒಂದು ಮ್ಯೂಸಿಯಮ್ ಕಟ್ಟಿಸಿಕೊಡುವವನು ಅವನೇ ಎಂದು ನೇಸರಿ ಲೆಕ್ಕ ಹಾಕಿದ್ದ. ಸಾಹುಕಾರ ಮೀನು ನೋಡಲು ಕಾಲೇಜಿಗೆ ಬಂದಾಗ ರತ್ನಮಾಲಾ ಅಲ್ಲಿಯೇ ಇದ್ದಳು.

"ಮೀನಕ್ಕ ನನ್ನ ಹೆಸರಾ?" ಕಾಕಾಸಾಹೇಬ ಮೂಗಿಗೆ ಶಲ್ಯದ ಚುಂಗು ಹಿಡಿದಿದ್ದ. "ನಾವು ಜೈನರು ಪ್ರೊಫೆಸರ್‌ರ. ನಾಳೆ ಮಂದಿ ಕಾಕಾಸಾಹೇಬನ್ನ ಹುರದು ತಿಂದ್ವಿ ಅಂದ್ರ ಹೆಂಗ?"

"ಇದು ತಿನ್ನೂ ಮೀನ ಅಲ್ಲರಿ. ಹೆಸರು ಲ್ಯಾಟಿನ್ನಿನಾಗ ಇರತೈತಿ, ಕಾಕಾಸಾಹೇಬಿಯಾ ಅಂತ. ಲಂಡನ್‌ದ ಪುಸ್ತಕದಾಗ ಒಮ್ಮೆ ಬಂತಂದ್ರ ಜಗತ್ತ ಇರೂತನಕಾ ಉಳೀತೈತಿ."

"ಜಗತ್ತ ಇರೂತನಕಾ?"

"ಹೌದ್ರಿ."

ಕಾಕಾಸಾಹೇಬ ಭರಣಿಯೊಳಗಿನ ಹೆಣವನ್ನು ಮತ್ತೊಮ್ಮೆ ನೋಡಿದ. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. "ಬರೋಬರಿ. ಹಂಗಾದ್ರ ಇಡ್ರಿ. ಅಕ್ಷರ ಮಾತ್ರ ತಪ್ಪಬಾರದ ನೋಡ್ರಿ," ಎಂದ.

ಲಂಡನ್ನಿಗೆ ಕಳಿಸುವ ಲೇಖನಕ್ಕೆ ಮೀನಿನ ಚಿತ್ರ ಬರೆಯುವ ಕೆಲಸ ರತ್ನಮಾಲಾಳಿಗೆ ಬಂತು. ಅವಳ ಕೈ ಸೂಕ್ಷ್ಮವಾಗಿತ್ತು, ಅದಕ್ಕೆ. ಮೀನನ್ನು ಬಿಳಿ ತಟ್ಟೆಯಲ್ಲಿಟ್ಟು, ಕಿಟಕಿಯ ಬೆಳಕಿಗೆ ತಂದು, ಭೂತಗನ್ನಡಿ ಹಿಡಿದಳು. ಹುರುಪೆಯಿಲ್ಲದ ಮೈ ನುಣುಪಾಗಿರಬೇಕು. ಇದರ ಮೈಮೇಲೆ ಸಾಲುಸಾಲಾಗಿ ಸಣ್ಣ ಗೂಡುಗಳಿದ್ದವು, ಹೆಂಚು ಕಿತ್ತ ಮಾಡಿನ ಹಾಗೆ. ಬಾಲದ ಕಡೆಯಿಂದ ತಲೆಯ ಕಡೆಗೆ ಸಣ್ಣ ಗೀರುಗಳು ಹೋಗಿದ್ದವು. ಎದೆಯ ಈಜುರೆಕ್ಕೆಯನ್ನು ಸೂಜಿಯಿಂದ ಎತ್ತಿದಾಗ, ಚಾಕು ತಲುಪದ ಆ ಮರೆಯಲ್ಲಿ ಕೆಲವು ಹುರುಪೆಗಳು ಹಾಗೆಯೇ ಮಿನುಗುತ್ತಿದ್ದವು.

ಮೀನು ಯಾವುದೆಂದು ಅವಳಿಗೆ ಆಗ ಗೊತ್ತಾಯಿತು. ಅದು ಬಾವಿಯ ಮೀನು. ನಾಂದಣಿಯ ಅವರ ಹೊಲದ ಬಾವಿಯಲ್ಲಿಯೂ ಇತ್ತು. ನೀರಿನ ಮೇಲ್ಮೈಯಲ್ಲಿ ಈಜುತ್ತ, ತಲೆಯ ಮೇಲಿನ ಬೆಳ್ಳಿ ಚುಕ್ಕೆ ಮಿಂಚಿಸುತ್ತಿತ್ತು. ಸತ್ತ ಮೇಲೆ ಆ ಚುಕ್ಕೆ ಮಾಸಿಹೋಗುತ್ತದೆ. ಅದಕ್ಕೂ ಬೆನ್ನಿನ ಈಜುರೆಕ್ಕೆ ಹಿಂದಕ್ಕೇ ಇದೆ. ಹುರುಪೆ ಕೆರೆದರೆ, ನೋಡಲು ಮನಸ್ಸಿಲ್ಲದವನ ಕಣ್ಣಿಗೆ ಅದು ಗ್ಯಾಲಕ್ಸಿಯಸ್ ಆದೀತು.

ಯಾರೋ ತೊಳೆಯುವಾಗ ಕೆರೆದಿರಬಹುದು, ಸರ್ ಗಮನಿಸಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಲೇ ತಟ್ಟೆ ಹಿಡಿದು ಅವನ ಕೋಣೆಗೆ ಹೋದಳು.

"ಸರ್, ಈ ಮೀನಕ್ಕ ಹುರುಪಿ ಇದ್ದುವು. ಯಾರೋ ಕೆರದಾರ."

ನೇಸರಿ ಗಾಬರಿಯಾಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಕುಳಿತ. "ನಮ್ಮ ನೆಲಾ ಆ ಖಂಡದ ತುಂಡು ಅನ್ನೂದು ಖರೇನೋ ಸುಳ್ಳೋ?"

"ಖರೇ ಅನಸತೈತಿ ಸರ್."

"ಮತ್ತ? ಖರೇ ಮಾತಿಗೆ ಒಂದು ಮೀನ ಕಡಿಮಿ ಬಿದ್ದಿತ್ತು. ನಾ ಕೊಟ್ಟೆ."

"ಖರೇ ಮಾತಿಗೆ ಸುಳ್ಳ ಸಾಕ್ಷಿ ನಿಲ್ಲಿಸಿದ್ರ ಆ ಮಾತಿನ ಮಾನಾನೂ ಹೋಗತೈತಿ."

"ಲೇಖನದಾಗ ನಿನ್ನ ಹೆಸರೂ ಹಾಕತೇನಿ," ಎಂದ ನೇಸರಿ, ಕೂಸಿಗೆ ಬೆಲ್ಲದ ತುಂಡು ತೋರಿಸುವವನಂತೆ. "ನೇಸರಿ ಮತ್ತ ಪಾಟೀಲ. ನಾಂದಣ್ಯಾಗ ನಿಮ್ಮ ಮಂದಿ ಬಾಯಿ ಮುಚ್ಚತಾರ. ಹೋಗು, ಚಿತ್ರಾ ಮುಗಸು."

ಅವನು ಸುಳ್ಳುಗಾರ ಎಂಬುದಕ್ಕಿಂತ, ತನ್ನನ್ನು ಇಷ್ಟು ಅಗ್ಗಕ್ಕೆ ಕೊಳ್ಳಬಹುದೆಂದು ತಿಳಿದನಲ್ಲ ಎಂಬುದು ಅವಳಿಗೆ ಹೆಚ್ಚು ಸುಟ್ಟಿತು. ಆ ಮಳೆಗಾಲದ ಮಧ್ಯಾಹ್ನವೂ ಈಗ ಹೊಲಸಾಯಿತು. ಎದುರಿಗೆ ಕುಳಿತ ಮನುಷ್ಯ ಒಮ್ಮೆಲೇ ಸಣ್ಣಗಾಗಿ ಕಂಡ. ಕೊರಳಿನ ಟೈಯ ಗಂಟು, ಎಣ್ಣೆ ಹಚ್ಚಿದ ತಲೆ, ಪೈಪು ಮಾತ್ರ ಉಳಿದವು. ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಚಿತ್ರಾ ನೀವ ಬರಕೊಳ್ರಿ," ಎಂದು ಹೊರಗೆ ಬಂದಳು.

ಮರುದಿನದಿಂದ ಮೀನಿನ ಕಪಾಟಿನ ಕೀಲಿ ಅವಳ ಕೈಗೆ ಸಿಗಲಿಲ್ಲ. ಲೇಖನ ಲಂಡನ್ನಿಗೆ ಹೋಯಿತು. ಇಚಲಕರಂಜಿಯಲ್ಲಿ ಸತ್ಕಾರ ಸಮಾರಂಭ ಗೊತ್ತಾಯಿತು.

ಸಮಾರಂಭದ ದಿನ ರತ್ನಮಾಲಾ ಕರೆಯಿಲ್ಲದೆ ಹೋದಳು. ಬೆಳಿಗ್ಗೆ ನಾಂದಣಿಯ ಬಾವಿಯ ಮೆಟ್ಟಿಲಲ್ಲಿ ಕುಳಿತು, ಬಟ್ಟೆಯಲ್ಲಿ ಒಂದು ಮೀನು ಹಿಡಿದು, ನೀರು ತುಂಬಿದ ಗಾಜಿನ ಭರಣಿಯಲ್ಲಿ ಬಿಟ್ಟಿದ್ದಳು. ಸಂಜೆ ಅದನ್ನು ಮರಳಿ ಬಾವಿಗೆ ಬಿಡಬೇಕೆಂದೇ ಇತ್ತು. ಯಡ್ರಾವದ ಮೇಲೆ ಹಾಯ್ದು ಹೋಗುವ ಟಾಂಗಾದಲ್ಲಿ ಭರಣಿ ತುಳುಕದಂತೆ ತೊಡೆಯ ಮೇಲೆ ಹಿಡಿದು ಕುಳಿತಳು. ಜೊತೆಗಿದ್ದ ಹೆಂಗಸರು ಸೆರಗು ಸರಿಸಿಕೊಂಡು ದೂರ ಕುಳಿತರು.

ಮಗ್ಗದ ಶೆಡ್ಡನ್ನು ತೆರವು ಮಾಡಿ ಜಮಖಾನ ಹಾಸಿದ್ದರು. ಕಾಕಾಸಾಹೇಬ ಜರಿಯ ರುಮಾಲು ಸುತ್ತಿದ್ದ. ಅವನ ಹಿಂದೆ ಆಳೆತ್ತರದ ಮೀನಿನ ಚಿತ್ರ. ಬರೆದವನು ಎಂದೂ ಮೀನು ನೋಡಿದಂತಿರಲಿಲ್ಲ, ಅದಕ್ಕೆ ಕಣ್ಣರೆಪ್ಪೆ ಇದ್ದವು. ನೇಸರಿ ಅರ್ಧ ತಾಸು ಮಾತಾಡಿದ. ನೆಲ ಒಡೆದದ್ದು, ಖಂಡ ಸರಿದದ್ದು, ಕೊನೆಗೆ ಆ ಮಹಾಖಂಡದ ವೈಭವವೆಲ್ಲ ಕಾಕಾಸಾಹೇಬರ ಹೆಸರಿನಲ್ಲಿ ಬಂದು ನೆಲೆಸಿದ್ದು. ಶೆಡ್ಡಿನ ತುಂಬ ಚಪ್ಪಾಳೆ.

ಚಪ್ಪಾಳೆ ನಿಲ್ಲುತ್ತಲೇ ರತ್ನಮಾಲಾ ಎದ್ದು ಹೋಗಿ ಭರಣಿಯನ್ನು ಕಾಕಾಸಾಹೇಬನ ಮುಂದಿಟ್ಟಳು.

"ನಿಮ್ಮ ಹೆಸರಿನ ಮೀನ ಇದ ನೋಡ್ರಿ ಕಾಕಾಸಾಹೇಬ್ರ. ನಮ್ಮ ಬಾವ್ಯಾಗ ಬೇಕಾದಷ್ಟ ಅದಾವು. ಕಾಲೇಜಿನಾಗ ಇರೂದರ ಹುರುಪಿ ಚಾಕೂಲೆ ಕೆರದಾರ. ಬ್ಯಾರೆ ಏನೂ ಫರಕ ಇಲ್ಲ."

ಮುಂದಿನ ಸಾಲಿನವರು ಬಗ್ಗಿ ನೋಡಿದರು. "ಅಯ್ಯ, ಇದು ನಮ್ಮ ಬಾವ್ಯಾಗೂ ಐತ್ರಿ!" ಎಂದ ಒಬ್ಬ. ಯಾರೋ ಕಿಸಕ್ಕನೆ ನಕ್ಕರು. ಕಾಕಾಸಾಹೇಬನ ಮುಖ ಕೆಂಪಾಯಿತು. ಅವನು ನೇಸರಿಯ ಕಡೆ ತಿರುಗಿದ.

"ಏನ್ರಿ ಇದು?"

"ಹೊರಗಿನ ರೂಪ ಒಂದ ಕಾಣತೈತ್ರಿ," ಎಂದ ನೇಸರಿ, ಬೆವರು ಒರೆಸಿಕೊಳ್ಳುತ್ತ. "ಒಳಗಿನ ಭೇದ ಸಾಮಾನ್ಯರಿಗೆ ತಿಳಿಯೂದಿಲ್ಲ."

"ಹೆಸರು ಲಂಡನ್‌ಕ ಹೋಗೇತಿಲ್ಲೊ?"

"ಹೋಗೇತ್ರಿ."

"ಮತ್ತೇನು!" ಕಾಕಾಸಾಹೇಬನ ಎದೆ ಮತ್ತೆ ಮುಂದಕ್ಕೆ ಬಂತು. "ಮೀನ ಯಾವುದಾರ ಇರಲಿ, ಹೆಸರು ನಂದ ಐತಿ. ಪೇಡೆ ಹಂಚ್ರಿ." ಆಮೇಲೆ ರತ್ನಮಾಲಾಳ ಕಡೆ ಬೆರಳು ತೋರಿಸಿದ. "ತಂಗೀ, ನಾಂದಣಿ ಮಠದ ಊರಾಕಿ ಆಗಿ ಒಂದು ಜೀವಾನ್ನ ಬಾಟ್ಲ್ಯಾಗ ಹಾಕ್ಕೊಂಡ ತಿರಗಾಕತ್ತಿ. ಅಹಿಂಸಾ ಧರ್ಮ ನಮ್ಮದು. ನಾಚಿಕಿ ಬರೂದಿಲ್ಲ ನಿನಗ?"

ಸತ್ತ ಮೀನಿಗೆ ಹೆಸರು ಮಾರಿಕೊಂಡವನು ಬದುಕಿದ ಮೀನಿಗಾಗಿ ಧರ್ಮ ಹೇಳಿದ. ಸಭೆಯೆಲ್ಲ ತಲೆದೂಗಿತು. ಬಾವಿಯ ಮೀನನ್ನು ಗುರುತಿಸಿದವನೇ ಎಲ್ಲರಿಗಿಂತ ಹೆಚ್ಚು ತಲೆದೂಗಿದ, ಪೇಡೆಯ ತಾಟು ಅವನ ಹತ್ತಿರ ಬಂದಿತ್ತು. ರತ್ನಮಾಲಾಳಿಗೆ ಅಳು ಬರಲಿಲ್ಲ. ಇಂಥವರ ಮುಂದೆ ಪುರಾವೆ ಇಡಲು ಇಷ್ಟು ದೂರ ಬಂದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಭರಣಿ ಎತ್ತಿಕೊಂಡು ನಡೆದಳು.

ವಾರದೊಳಗೆ ಅವಳ ನೌಕರಿ ಹೋಯಿತು. ಗುರುಗಳಿಗೆ ಅವಮಾನ ಮಾಡಿದವಳು ಎಂದು ಕೊಲ್ಹಾಪುರದಲ್ಲಿ ಬೇರೆ ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ಗಡಹಿಂಗ್ಲಜದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದಳು. ಬಿಡುವಿನಲ್ಲಿ ಹಿರಣ್ಯಕೇಶಿಯ ದಂಡೆಗೆ ಹೋಗಿ, ಹರಿವಿನ ಕಲ್ಲುಗಳ ನಡುವೆ ಬದುಕುವ ಮೀಸೆಯ ಸಣ್ಣ ಮೀನುಗಳನ್ನು ನೋಡುತ್ತ ಕೂಡುವಳು. ಯಾವ ಕಲ್ಲಿನಡಿ ಯಾವ ಜಾತಿ, ಹರಿವು ಹೆಚ್ಚಾದರೆ ಎಲ್ಲಿ ಸರಿಯುತ್ತವೆ ಎಂದು ಚಿತ್ರ ಬರೆಯುವಳು. ಕೊಲ್ಲುವ ಪ್ರಸಂಗವೇ ಇರಲಿಲ್ಲ.

೧೯೪೧ರ ಚಳಿಗಾಲದಲ್ಲಿ ಕಲಕತ್ತೆಯಿಂದ ಮೀನಿನ ತಜ್ಞರೊಬ್ಬರು ಬಂದರು. ನೇಸರಿಯ ಲೇಖನ ಅಚ್ಚಾಗಿತ್ತು, ಓದಿದವರಿಗೆ ಸಂಶಯ ಹುಟ್ಟಿತ್ತು. ತಜ್ಞರಿಗೆ ಮೀನನ್ನೂ ಅದು ಸಿಕ್ಕ ಜಾಗವನ್ನೂ ನೋಡಬೇಕಾಗಿತ್ತು. ನೇಸರಿ ಭರಣಿಯೊಂದಿಗೆ ಅವರನ್ನು ಗಡಹಿಂಗ್ಲಜದ ಪ್ರವಾಸಿ ಬಂಗಲೆಗೆ ಕರೆತಂದ. ಅಲ್ಲಿಂದ ರತ್ನಮಾಲಾಳಿಗೆ ಹೇಳಿಕಳಿಸಿದ.

ಅವಳು ಬಂದಾಗ ಗೇಟಿನಲ್ಲಿಯೇ ತಡೆದ. ಕೂದಲು ಹಣ್ಣಾಗಿತ್ತು, ಟೈ ಮಾತ್ರ ಹಾಗೆಯೇ ಇತ್ತು.

"ಒಂದ ಮಾತ ಒಪ್ಕೊ," ಎಂದ ಪಿಸುದನಿಯಲ್ಲಿ. "ಮೀನಾ ತೊಳಿಯೂವಾಗ ನಿನ್ನ ಕೈತಪ್ಪಿ ಹುರುಪಿ ಹೋದುವು ಅನ್ನು. ನಿನ್ನ ನೌಕರಿ ವಾಪಸ್ ಕೊಡಸತೇನಿ. ನಿನಗೇನ ಹೋಗೂದೈತಿ?"

ಅವಳು ಉತ್ತರ ಕೊಡದೆ ಪಡಸಾಲೆ ಏರಿದಳು. ಅವಳ ಮೌನವನ್ನು ಒಪ್ಪಿಗೆ ಎಂದು ತಿಳಿದು ನೇಸರಿ ತಜ್ಞರ ಮುಂದೆ ಧೈರ್ಯವಾಗಿ ಹೇಳಿಯೇಬಿಟ್ಟ: ಈ ಹೆಣ್ಣುಮಗಳೇ ನನ್ನ ಸಹಾಯಕಿಯಾಗಿದ್ದಳು, ಮೀನಿನ ಮೈ ಕೆರೆದದ್ದು ಇವಳ ಅಜಾಗರೂಕತೆ, ನಾನು ನಂಬಿ ಮೋಸಹೋದೆ.

ತಜ್ಞರು ಅವಳ ಕಡೆ ನೋಡಿದರು. ಅವಳು ಅವರಿಗೆ ಇಂಗ್ಲಿಷಿನಲ್ಲಿ, ತಾನು ಚಿತ್ರ ಬರೆಯಲು ಕುಳಿತಾಗಲೇ ಇದು ಕೆರೆದ ಮೀನು ಎಂದು ಪ್ರೊಫೆಸರರಿಗೆ ಹೇಳಿದ್ದೆ ಎಂದಳು. ಆಮೇಲೆ ನೇಸರಿಯ ಕಡೆ ತಿರುಗಿ, ತಜ್ಞರ ಮುಂದೆ ಅವನು ಆಡಲು ನಾಚುತ್ತಿದ್ದ ಅವನ ಸ್ವಂತ ಊರಿನ ಮಾತಿನಲ್ಲಿಯೇ ಕೇಳಿದಳು.

"ಮೀನಿನ ಮೈ ನಾನ ಕೆರದೆ ಅಂತ ಇಟ್ಕೊಳ್ರಿ. ನಿಮ್ಮ ಕಣ್ಣ ಯಾರು ಕೆರದ್ರು?"

ತಜ್ಞರು ಅರ್ಥ ಕೇಳಿದರು, ಅವಳು ಹೇಳಿದಳು. ಅವರು ನಗಲಿಲ್ಲ. ಮೀನನ್ನು ಹೊರತೆಗೆದು, ಸೂಜಿಯಿಂದ ಅದರ ಬಾಯಿ ಅಗಲಿಸಿ, ಭೂತಗನ್ನಡಿ ಹಿಡಿದರು. ಗ್ಯಾಲಕ್ಸಿಯಸ್ಸಿಗಾದರೆ ನಾಲಿಗೆಯ ಮೇಲೆ ಕೊಕ್ಕೆಯಂಥ ಹಲ್ಲುಗಳಿರುತ್ತವೆ. ಇಲ್ಲಿ ಒಂದೂ ಇರಲಿಲ್ಲ.

"ಮೈ ಕೆರೆದವರು ಬಾಯೊಳಗೆ ಹಲ್ಲು ನೆಡಲು ಮರೆತಿದ್ದಾರೆ," ಎಂದು ಅವರು ಮೀನನ್ನು ಭರಣಿಗೆ ಹಾಕಿದರು. ಆಮೇಲೆ ನೇಸರಿಯ ಜೊತೆ ಮಾತಾಡಲಿಲ್ಲ. ರತ್ನಮಾಲಾಳನ್ನು ಕೂಡಿಸಿಕೊಂಡು ಗ್ಯಾಲಕ್ಸಿಯಸ್ಸಿನ ಮರಿಗಳು ಸಮುದ್ರ ಸೇರುವ ವಿಷಯ ಎತ್ತಿದರು. ಉಪ್ಪುನೀರು ತಾಳುವ ಮೀನಿನಿಂದ ಖಂಡಗಳ ಲೆಕ್ಕ ಹೇಳಲಾಗದು, ಉಪ್ಪು ಸೋಕಿದರೆ ಸಾಯುವ ಕುಲಗಳನ್ನೇ ಹಿಡಿದು ನೋಡಬೇಕು ಎಂಬ ಅವಳ ಮಾತನ್ನು ಪೂರ್ತಿಯಾಗಿ ಕೇಳಿದರು. ಹೊಳೆಯ ಚಿತ್ರಗಳನ್ನು ತರಿಸಿ ನೋಡಿದರು, ಇನ್ನಷ್ಟು ಬರೆದು ಕಳಿಸಿರಿ ಎಂದರು. ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹೊರಟುಹೋದರು.

ಅವರ ಬಸ್ಸಿನಲ್ಲಿಯೇ ಏರಲು ನೇಸರಿಗೆ ಮುಖವಿರಲಿಲ್ಲ. ಸಂಜೆಯ ಬಸ್ಸಿನ ತನಕ ಎಲ್ಲಿರುವುದೆಂದು ತಿಳಿಯದೆ, ಬಿಸಿಲಲ್ಲಿ ತಿರುಗಿ, ಕೊನೆಗೆ ರತ್ನಮಾಲಾಳ ಬಾಡಿಗೆಯ ಕೋಣೆಯ ಮುಂದೆ ಬಂದು ನೀರು ಕೇಳಿದ. ಅವಳು ತಂಬಿಗೆ ಕೊಟ್ಟಳು. ಕುಳಿತುಕೊಳ್ಳಿ ಅನ್ನಲಿಲ್ಲ.

ಕುಡಿದು ತುಟಿ ಒರೆಸಿಕೊಂಡ. "ಇಷ್ಟ ಹಗಿ ಸಾಧಸಬಾರದಿತ್ತು ನೀ. ಮೀನ ಅಂದ್ರ ಏನು ಅಂತ ನಿನಗ ತೋರಿಸಿದಾಂವ ನಾ."

"ಹಗಿ ಅಲ್ಲರಿ," ಎಂದಳು ರತ್ನಮಾಲಾ, ತಂಬಿಗೆ ಇಸಿದುಕೊಳ್ಳುತ್ತ. "ಹಗಿ ಸಾಧಸಬೇಕಂದ್ರ ಎದುರಿನ ಮನಷ್ಯಾಗ ಒಂದು ತೂಕ ಇರಬೇಕು. ನೀವು ತೋರಿಸಿದ್ದು ಖರೇ. ತೋರಿಸಿದ್ದನ್ನ ನೀವ ನೋಡಲಿಲ್ಲ. ಹೋಗಿ ಬರ್ರಿ, ಬಸ್ ತಪ್ಪೀತು."

ಮುಂದಿನ ವರ್ಷ ಕಲಕತ್ತೆಯ ಪತ್ರಿಕೆಯಲ್ಲಿ ಕೆಲವೇ ಸಾಲುಗಳು ಬಂದು ಕಾಕಾಸಾಹೇಬಿಯಾ ಎಂಬ ಕುಲ ರದ್ದಾಯಿತು. ಕಾಕಾಸಾಹೇಬನಿಗೆ ಅದನ್ನು ಯಾರೂ ತಿಳಿಸಲಿಲ್ಲ. ತಿಳಿಸಿದ್ದರೂ ಅವನು ಕೇಳುವ ಪೈಕಿಯಲ್ಲ. ನೇಸರಿಗೆ ಶಿಕ್ಷೆಯಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಯುದ್ಧದ ಗದ್ದಲದಲ್ಲಿ ಎಲ್ಲರೂ ಎಲ್ಲವನ್ನೂ ಮರೆತರು, ಅವನು ವರ್ಷ ಕಳೆಯುವುದರೊಳಗೆ ಪ್ರಿನ್ಸಿಪಾಲನಾದ. ಖಂಡಗಳು ಒಡೆದದ್ದೇ ಸುಳ್ಳು, ಮೀನುಗಳೆಲ್ಲ ಸಮುದ್ರ ದಾಟಿಯೇ ಬಂದವು ಎಂದು ಈಗ ಅಷ್ಟೇ ಗಟ್ಟಿ ದನಿಯಲ್ಲಿ ಪಾಠ ಹೇಳಿದ. ತನ್ನ ಹಳೆಯ ತಪ್ಪಿಗೆ ಒಬ್ಬ ಸಹಾಯಕಿಯ ಅಜಾಗರೂಕತೆ ಕಾರಣ ಎಂದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆದ.

ಹಿರಣ್ಯಕೇಶಿಯ ಮೀಸೆಮೀನುಗಳ ಮೇಲೆ ರತ್ನಮಾಲಾಳ ಲೇಖನ ೧೯೪೬ರಲ್ಲಿ ಕಲಕತ್ತೆಯಲ್ಲಿ ಅಚ್ಚಾಯಿತು. ಹೊಸ ಹೆಸರು ಒಂದನ್ನೂ ಇಡಲಿಲ್ಲ. ಇದ್ದ ಹೆಸರುಗಳಲ್ಲಿ ಎರಡು ಒಂದೇ ಮೀನಿನವು ಎಂದು ತೋರಿಸಿ ಒಂದನ್ನು ಕಡಿಮೆ ಮಾಡಿದಳು. ಆ ವರ್ಷ ಹೊಳೆ ಬೇಗ ಇಳಿದಿತ್ತು. ಶನಿವಾರ ಶಾಲೆ ಬಿಟ್ಟ ಕೂಡಲೇ ಅವಳು ದೊಡ್ಡ ಹುಡುಗಿಯರನ್ನು ಕರೆದುಕೊಂಡು ಮಡುವಿನ ಕಡೆಗೆ ಹೋಗುತ್ತಿದ್ದಳು, ನೀರು ಕದಡಬೇಡಿರಿ ಎಂದು ಮೊದಲೇ ಗದರಿಸಿ.